ಕರಾಟೆಯ ಜೋಡಿ ಅಭ್ಯಾಸ: ಮೊದಲು ಸರಿಯಾಗಿ ಹೊಡೆಯಲು ಕಲಿಯಿರಿ

ಶಿರಸಿಯ ಕ್ಲಾಸಿರಲಿ, ಕಾರವಾರದ ಕ್ಲಾಸಿರಲಿ, ಸೇರಿ ಆರು ತಿಂಗಳಾದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಸರ್, ಒಬ್ಬ ಮುಂದೆ ಬಂದು ಹೊಡೆಯೋದು, ಇನ್ನೊಬ್ಬ ಹಿಂದೆ ಹೋಗಿ ತಡೆಯೋದು, ಇದೆಲ್ಲ ಯಾಕೆ? ರಸ್ತೇಲಿ ಯಾರಾದ್ರೂ ಹೀಗೆ ಹೊಡೀತಾರಾ?" ಮಕ್ಕಳು ಕೇಳುತ್ತಾರೆ, ಮಕ್ಕಳನ್ನು ಬಿಡಲು ಬಂದ ಅಪ್ಪಂದಿರು ಕೇಳುತ್ತಾರೆ, ಮೊಬೈಲಿನಲ್ಲಿ ಫೈಟ್ ವಿಡಿಯೋ ನೋಡಿ ಬಂದ ಕಾಲೇಜು ಹುಡುಗರಂತೂ ಕೇಳಿಯೇ ಕೇಳುತ್ತಾರೆ.

ಒಪ್ಪಿಕೊಳ್ಳುತ್ತೇನೆ, ಯಾರೂ ಹಾಗೆ ಹೊಡೆಯುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಜಗಳಕ್ಕೆ ಬಂದವ "ಮುಖಕ್ಕೆ ಹೊಡೀತೇನೆ ನೋಡು" ಅಂತ ಮೊದಲೇ ಹೇಳಿ, ಒಂದೇ ಪಂಚ್ ಹೊಡೆದು, ಚಾಚಿದ ಕೈಯನ್ನು ಹಾಗೇ ಬಿಟ್ಟುಕೊಂಡು ನಿಂತಿರುವುದಿಲ್ಲ. ಆದರೆ ಇದು ಜಗಳದ ನಕಲು ಅಂತ ಯಾರು ಹೇಳಿದರು? ಮೇಷ್ಟ್ರು ಮಗ್ಗಿ ಬಾಯಿಪಾಠ ಮಾಡಿಸಿದ್ದು ಅಂಗಡಿಯಲ್ಲಿ ನಿಂತು ಮಗ್ಗಿ ಹೇಳಲಿ ಅಂತ ಅಲ್ಲವಲ್ಲ.

ಜೋಡಿ ಅಭ್ಯಾಸ ಕಲಿಸುವುದು ಮೂರು ವಿಷಯ. ಎದುರಿನವ ಎಷ್ಟು ದೂರದಿಂದ ನನ್ನನ್ನು ಮುಟ್ಟಬಲ್ಲ, ಅವನು ಯಾವ ಕ್ಷಣದಲ್ಲಿ ಹೊರಡುತ್ತಾನೆ, ಮತ್ತೆ ಮುಷ್ಟಿ ಮುಖಕ್ಕೆ ಬರುವಾಗ ಕಣ್ಣು ತೆರೆದೇ ಇಡುವುದು. ಒಬ್ಬರೇ ಕಟಾ, ಅಂದರೆ ಗೊತ್ತು ಮಾಡಿದ ಚಲನೆಗಳ ಸಾಲು, ಮಾಡಿ ಇದನ್ನು ಕಲಿಯಲು ಆಗುವುದಿಲ್ಲ. ಮರಳಿನ ಚೀಲ ಹೊಡೆದರೂ ಬರುವುದಿಲ್ಲ, ಚೀಲ ತಿರುಗಿ ಹೊಡೆಯುವುದಿಲ್ಲ ನೋಡಿ. ಮತ್ತೆ ಈ ಮೂರೂ ನಿಂತಿರುವುದು ಹೊಡೆಯುವವನ ಮೇಲೆ. ಅವನು ಸುಳ್ಳು ಹೊಡೆತ ಹೊಡೆದರೆ ತಡೆಯುವವ ಕಲಿಯುವುದೂ ಸುಳ್ಳೇ. ಇಡೀ ಲೇಖನದಲ್ಲಿ ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ, ಬೇಜಾರಾದರೆ ಕ್ಷಮಿಸಿ.

ಹಿನ್ನೆಲೆ ಎರಡೇ ಮಾತಿನಲ್ಲಿ. ಕರಾಟೆಯ ಮೂಲ ಜಪಾನಿನ ಓಕಿನಾವಾ ದ್ವೀಪ. ಅಲ್ಲಿ ಹಳೆಯ ಕಾಲದ ಅಭ್ಯಾಸ ಹೆಚ್ಚಾಗಿ ಕಟಾವೇ. ಅಲ್ಲಿನ ಕರಾಟೆ ಗುರು ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೋಗೆ ಬಂದು ಕರಾಟೆ ತೋರಿಸಿ ಅಲ್ಲೇ ನಿಂತರು. ಅವರ ಹತ್ತಿರ ಬಂದ ಕಾಲೇಜು ಹುಡುಗರು ಜೂಡೊ, ಕೆಂಡೊ ನೋಡಿ ಬೆಳೆದವರು, ಅಲ್ಲಿ ಎದುರಿಗೆ ಒಬ್ಬ ಆಳು ಇದ್ದೇ ಇರುತ್ತಿದ್ದ. ಹೊಡೆತ ಮೊದಲೇ ಗೊತ್ತು ಮಾಡಿಕೊಂಡು ಆಡುವ ಈ ಜೋಡಿ ಅಭ್ಯಾಸಗಳು ಗಟ್ಟಿಯಾಗಿದ್ದು ಆ ಸುತ್ತಿನಲ್ಲಿ, 1920 ಮತ್ತು 30ರ ದಶಕಗಳಲ್ಲಿ. ಜಪಾನ್ ಕರಾಟೆ ಅಸೋಸಿಯೇಷನ್ ತನ್ನ ಮೊದಲ ಅಖಿಲ ಜಪಾನ್ ಸ್ಪರ್ಧೆ ನಡೆಸಿದ್ದು 1957ರಲ್ಲಿ. ಅಂದರೆ ಪಾಯಿಂಟು, ರೆಫ್ರಿ ಎಲ್ಲ ಬರುವುದಕ್ಕಿಂತ ಮೊದಲಿನ ಸಾಮಾನು ಇದು. ಜಪಾನಿ ಭಾಷೆಯಲ್ಲಿ ಇದಕ್ಕೆ ಯಾಕುಸೊಕು ಕುಮಿತೆ ಅಂತಾರೆ. ಯಾಕುಸೊಕು ಅಂದರೆ ಮಾತು ಕೊಡುವುದು, ಕುಮಿತೆ ಅಂದರೆ ಇಬ್ಬರ ಕೈ ಕೂಡುವುದು. ಆ 'ಮಾತು ಕೊಡುವುದು' ಅನ್ನುವುದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇಲ್ಲಿ ಬರೆದಿರುವುದು ಶೊಟೊಕಾನ್ ಶೈಲಿಯ ಕ್ರಮ, ನಮ್ಮ ಕಡೆ ಜಾಸ್ತಿ ಜನ ಕಲಿಯುವುದು ಅದನ್ನೇ. ಬೇರೆ ಶೈಲಿಯವರು ಹೆಸರು ಬದಲಿಸಿಕೊಂಡು ಓದಿ.

ಶುರು ಮಾಡುವ ಮೊದಲು

ಸಾಮಾನು ಜಾಸ್ತಿ ಬೇಡ. ಹಲ್ಲಿನ ಗಾರ್ಡ್ ಒಂದು, ಕೈ ಮತ್ತು ಕಾಲಿನ ಉಗುರು ಕತ್ತರಿಸಿರಬೇಕು. ಉಂಗುರ, ಬೆಳ್ಳಿ ಕಡಗ, ಬಳೆ, ಕಿವಿಯ ರಿಂಗ್ ಎಲ್ಲ ತೆಗೆಯಿರಿ. ಜಾತ್ರೆಯಲ್ಲಿ ಕೈಗೆ ಕಟ್ಟಿಸಿಕೊಂಡ ದಾರ ಬಿಚ್ಚಲು ಮನಸ್ಸಿಲ್ಲದಿದ್ದರೆ ಮೇಲೆ ಒಂದು ಸುತ್ತು ಟೇಪ್ ಹಾಕಿ. ಜೋಡಿಯವನ ಬೆರಳು ಅದರಲ್ಲಿ ಸಿಕ್ಕಿದರೆ ದಾರ ಹರಿಯುವುದಿಲ್ಲ, ಬೆರಳು ತಿರುಚುತ್ತದೆ.

ನೆಲ ನೋಡಿಕೊಳ್ಳಿ. ಜೂನ್ ಬಂತೆಂದರೆ ನಮ್ಮ ಕಡೆ ಟೈಲ್ಸ್ ನೆಲ ತಾನೇ ಬೆವರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ಹತ್ತು ನಿಮಿಷಕ್ಕೆ ಮತ್ತೆ ಪಸೆ. ಅಂಥ ನೆಲದಲ್ಲಿ ಉದ್ದ ಹೆಜ್ಜೆ ಇಟ್ಟು ಹೊಡೆಯಲು ಹೋದರೆ ಮುಂದಿನ ಕಾಲು ಜಾರಿ ತೊಡೆಸಂದಿ ಹಿಡಿದುಕೊಳ್ಳುತ್ತದೆ, ಆಮೇಲೆ ಮೂರು ವಾರ ಮೆಟ್ಟಿಲು ಹತ್ತುವಾಗೆಲ್ಲ ಕರಾಟೆಯ ನೆನಪು. ಮಳೆಗಾಲದಲ್ಲಿ ಮ್ಯಾಟ್ ಹಾಕಿ, ಇಲ್ಲವೆಂದರೆ ನಿಲುವು ಗಿಡ್ಡ ಮಾಡಿ. ಕಾರವಾರದವರು ಕಡಲ ತೀರದಲ್ಲಿ ಮಾಡುತ್ತೀರಿ, ಅಲ್ವಾ? ಮಾಡಿ. ಆದರೆ ಇಳಿತದ ಹೊತ್ತಿಗೆ ನೀರಿನಂಚಿನ ಗಟ್ಟಿ ಮರಳಿನಲ್ಲಿ ಮಾಡಿ. ಮೇಲಿನ ಸಡಿಲ ಮರಳು ಕಾಲಿನ ಶಕ್ತಿಗೆ ಒಳ್ಳೆಯದು, ದೂರ ಕಲಿಯಲು ಪ್ರಯೋಜನವಿಲ್ಲ, ಪ್ರತಿ ಹೆಜ್ಜೆಯೂ ಅರ್ಧ ಹೂತು ಹೋಗುತ್ತದೆ.

ಹಂತ 1: ದೂರ ಅಳೆಯಿರಿ

ಇಬ್ಬರ ನಡುವಿನ ದೂರಕ್ಕೆ ಮಾ-ಐ ಅಂತ ಹೆಸರು. ಕಣ್ಣಂದಾಜಿನಲ್ಲಿ ನಿಲ್ಲಬೇಡಿ, ಅಳೆಯಿರಿ. ತಡೆಯುವವ ಸುಮ್ನೆ ನಿಲ್ಲಲಿ, ಅಲ್ಲಾಡಬಾರದು. ಹೊಡೆಯುವವ ಎಡಗಾಲು ಮುಂದಿಟ್ಟು ಜೆನ್‌ಕುತ್ಸು ದಾಚಿಯಲ್ಲಿ, ಅಂದರೆ ಮುಂದಿನ ಮೊಣಕಾಲು ಮಡಿಸಿ ಹಿಂದಿನ ಕಾಲು ನೀಟ ಇಟ್ಟ ಉದ್ದ ನಿಲುವಿನಲ್ಲಿ ನಿಂತು, ನಿಧಾನಕ್ಕೆ ಬಲಗಾಲಿನ ಒಂದು ಪೂರ್ತಿ ಹೆಜ್ಜೆ ಹಾಕಿ ಬಲಗೈ ಪಂಚ್ ಚಾಚಲಿ. ಮುಷ್ಟಿ ಎದುರಿನವನ ಗದ್ದಕ್ಕೆ ಮೆಲ್ಲಗೆ ತಾಗಬೇಕು. ತಾಗಿತಾ? ಹೆಜ್ಜೆ ವಾಪಸ್ ತೆಗೆಯಿರಿ. ಅದೇ ನಿಮ್ಮ ದೂರ.

ಜೋಡಿ ಬದಲಾದಾಗಲೆಲ್ಲ ಮತ್ತೆ ಅಳೆಯಬೇಕು. ಉದ್ದದ ಹುಡುಗ, ಗಿಡ್ಡದ ಹುಡುಗ ಜೋಡಿಯಾದರೆ ದೂರ ಗೊತ್ತು ಮಾಡುವುದು ಹೊಡೆಯುವವನ ಕಾಲು ಮತ್ತು ಕೈ. ಹೊಡೆಯುವವರು ಅದಲು ಬದಲಾದಾಗ ದೂರವೂ ಬದಲಾಗುತ್ತದೆ. ಇದನ್ನು ಹತ್ತರಲ್ಲಿ ಒಂಬತ್ತು ಜೋಡಿ ಮರೆಯುತ್ತವೆ.

ಹಂತ 2: ಹೊಡೆಯುವವನ ಕೆಲಸ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಾನು ಕಲಿಯುವಾಗ ಒಂದು ಕ್ಯಾಂಪಿನಲ್ಲಿ ಸೀನಿಯರ್ ಒಬ್ಬರು, ಯಾರಿಗೂ ಪೆಟ್ಟಾಗಬಾರದು ಅಂತ, ಮುಖಕ್ಕೆ ಹೊಡೆಯುವಾಗ ಕಿವಿಯ ಪಕ್ಕಕ್ಕೆ ಗುರಿ ಇಡಿ ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಎರಡು ವರ್ಷ ಹಾಗೇ ಮಾಡಿದೆವು, ತಡೆ ಎಲ್ಲ ಚಂದ ಕಾಣುತ್ತಿತ್ತು. ಆಮೇಲೆ ಒಂದು ಸ್ಪರ್ಧೆಯಲ್ಲಿ ಎದುರಿನವ ಮೊದಲ ಬಾರಿಗೆ ನೇರ ಬಾಯಿಗೆ ಹೊಡೆದ. ನನ್ನ ಕೈ ಎದ್ದಿತು, ಸರಿಯಾದ ಹೊತ್ತಿಗೇ ಎದ್ದಿತು, ಹೋಗಿದ್ದು ಮಾತ್ರ ಕಿವಿಯ ಪಕ್ಕಕ್ಕೆ. ತುಟಿ ಸೀಳಿ ಎರಡು ಹೊಲಿಗೆ ಬಿತ್ತು. ಕೈಗೆ ಎಲ್ಲಿ ಕಲಿಸಿದ್ದೆನೋ ಅಲ್ಲಿಗೇ ಅದು ಹೋಗಿತ್ತು, ಅದರದ್ದೇನು ತಪ್ಪು?

ಹಾಗಾಗಿ ಹೊಡೆಯುವವನಿಗೆ ನಿಯಮ ಹೀಗೆ. ಜೊದಾನ್ ಅಂದರೆ ಮುಖದ ಎತ್ತರ, ಗುರಿ ಗದ್ದ ಅಥವಾ ಮೂಗಿನ ಕೆಳಗಿನ ಗುಳಿ. ಚೂದಾನ್ ಅಂದರೆ ಎದೆ ಹೊಟ್ಟೆಯ ಎತ್ತರ, ಗುರಿ ಪಕ್ಕೆಲುಬು ಕೂಡುವ ಜಾಗದ ಕೆಳಗಿನ ಗುಳಿ. ಎದುರಿನವನ ಮುಖ, ಎದುರಿನವನ ಹೊಟ್ಟೆ, ನಿಮ್ಮ ಸ್ವಂತ ಎತ್ತರದ ಲೆಕ್ಕ ಅಲ್ಲ. ತಡೆಯುವವ ಅಲ್ಲಾಡದೆ ನಿಂತರೆ ತಾಗುವ ಹಾಗೆಯೇ ಹೊಡೆಯಬೇಕು, ಮೇಲೆ ಹೇಳಿದ 'ಮಾತು ಕೊಡುವುದು' ಇದೇ. ಅವನು ಹಿಂದೆ ಸರಿದರೆ ಅವನನ್ನು ಹಿಂಬಾಲಿಸಿ ಬಾಗಬೇಡಿ, ಬೆನ್ನು ನೆಟ್ಟಗೆ ಇರಲಿ. ಅವನು ತಡೆಯಲು ಮರೆತು ಮರದ ಹಾಗೆ ನಿಂತುಬಿಟ್ಟರೆ? ಆಗ ನಿಲ್ಲಿಸುವ ಜವಾಬ್ದಾರಿ ನಿಮ್ಮದು. ಇದಕ್ಕೆ ಸುನ್‌ದೊಮೆ ಅನ್ನುತ್ತಾರೆ. ಸುನ್ ಅಂದರೆ ಜಪಾನಿನ ಹಳೆಯ ಅಳತೆ, ಸುಮಾರು 3 ಸೆಂಟಿಮೀಟರ್, ಚರ್ಮಕ್ಕಿಂತ ಅಷ್ಟು ಮೊದಲು ಮುಷ್ಟಿ ನಿಲ್ಲಬೇಕು. ನಿಲ್ಲಿಸಲು ಬಾರದವ ಜೋರಾಗಿ ಹೊಡೆಯಬಾರದು. ವೇಗ ಕಡಿಮೆ ಮಾಡಿ, ಗುರಿ ಮಾತ್ರ ಬದಲಿಸಬೇಡಿ.

ನಮ್ಮ ಅಡಿಕೆ ತೋಟದಲ್ಲಿ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಲು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮರದ ತುದಿಯಿಂದ ಕೊನೆಗೌಡ, ಅಂದರೆ ಮರ ಹತ್ತಿ ಕೊಯ್ಯುವವ, ಹಗ್ಗದ ಮೇಲೆ ಕೊನೆ ಬಿಡುತ್ತಾನೆ, ಕೆಳಗೆ ಹಗ್ಗ ಹಿಡಿದವ ಅದನ್ನು ನೆಲಕ್ಕೆ ಬೀಳದ ಹಾಗೆ ಬರಮಾಡಿಕೊಳ್ಳುತ್ತಾನೆ. ಕೊನೆ ಬರುವುದು ಇಬ್ಬರಿಗೂ ಗೊತ್ತು. ಆದರೂ ಅದು ಭಾರದ ಕೊನೆ, ಜೋರಾಗಿಯೇ ಬರುತ್ತದೆ. ಖಾಲಿ ಹಗ್ಗ ಹಿಡಿದು ಎಷ್ಟು ದಿನ ನಿಂತರೂ ಕೆಳಗಿನವನಿಗೆ ಕೆಲಸ ಬರುವುದಿಲ್ಲ.

ಇನ್ನೊಂದು ಮಾತು. ಎದುರಿಗೆ ಹುಡುಗಿ ಇದ್ದರೆ ಹುಡುಗರು ಹೊಡೆತವನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಮರ್ಯಾದೆ ಅಂದುಕೊಂಡಿರುತ್ತಾರೆ. ಅವಳು ಕೊಟ್ಟ ಫೀಸು ಅಷ್ಟೇ, ಬಿಟ್ಟ ಟ್ಯೂಷನ್ನೂ ಅಷ್ಟೇ, ಸಿಗುವ ಅಭ್ಯಾಸ ಮಾತ್ರ ಅರ್ಧ. ತಪ್ಪು ಅದು.

ಹಂತ 3: ಐದು ಹೆಜ್ಜೆ, ಗೊಹೊನ್ ಕುಮಿತೆ

ಗೊಹೊನ್ ಅಂದರೆ ಐದು. ಬಿಳಿ ಬೆಲ್ಟಿನವರು ಶುರು ಮಾಡುವುದು ಇಲ್ಲಿಂದ.

ಇಬ್ಬರೂ ಬಗ್ಗಿ ವಂದಿಸಿ. ಹೊಡೆಯುವವ ಬಲಗಾಲು ಹಿಂದೆ ತೆಗೆದು ಎಡಗೈಯಲ್ಲಿ ಗೆದಾನ್ ಬರಾಯ್, ಅಂದರೆ ಕೆಳಗಿನ ತಡೆ ಮಾಡಿ, "ಜೊದಾನ್" ಎಂದು ಗಟ್ಟಿಯಾಗಿ ಹೇಳಬೇಕು. ಆಮೇಲೆ ಬಲಗಾಲು ಮುಂದಿಟ್ಟು ಬಲಗೈಯಲ್ಲಿ ಓಯ್-ಜುಕಿ, ಮುಂದೆ ಹೋದ ಕಾಲು ಯಾವುದೋ ಅದೇ ಕಡೆಯ ಪಂಚ್. ತಡೆಯುವವ ಅದೇ ಹೊತ್ತಿಗೆ ಬಲಗಾಲು ಹಿಂದೆ ತೆಗೆದು ಎಡಗೈಯಲ್ಲಿ ಆಗೆ-ಉಕೆ, ಅಂದರೆ ಮುಖದ ಮುಂದಿನಿಂದ ಮುಂಗೈ ಮೇಲೆತ್ತುವ ತಡೆ. ಹೀಗೆ ಕಾಲು ಬದಲಿಸುತ್ತ ಐದು ಹೆಜ್ಜೆ. ಐದನೆಯ ತಡೆಯಾದ ಕೂಡಲೇ ತಡೆಯುವವ ನಿಂತಲ್ಲೇ ಗ್ಯಾಕು-ಜುಕಿ, ಅಂದರೆ ಹಿಂದಿನ ಕೈಯ ಪಂಚ್, ಕಿಯಾಯ್ ಕೂಗಿ ಹೊಡೆಯಬೇಕು. ಹೊಟ್ಟೆಯಿಂದ ಬರುವ ಕೂಗು ಅದು, ಗಂಟಲಿನಿಂದ ಅಲ್ಲ. ಆಮೇಲೆ ಹೊಡೆದವ ಹಿಂದೆ, ತಡೆದವ ಮುಂದೆ ಬಂದು ಮೊದಲಿನ ಜಾಗಕ್ಕೆ.

ಇಲ್ಲಿ ಆಗುವ ತಪ್ಪುಗಳು:

ತಡೆಯುವವ ಓಡುವುದು. ಐದು ಹೆಜ್ಜೆಯಲ್ಲಿ ಇಬ್ಬರ ನಡುವೆ ಒಂದು ಎಮ್ಮೆ ಹಾಯುವಷ್ಟು ಜಾಗವಾಗಿರುತ್ತದೆ. ಪರೀಕ್ಷೆ ಸುಲಭ. ಕೊನೆಯಲ್ಲಿ ನಿಮ್ಮ ಗ್ಯಾಕು-ಜುಕಿ ಎದುರಿನವನ ಹೊಟ್ಟೆಗೆ ತಲುಪುತ್ತದಾ? ತಲುಪದಿದ್ದರೆ ನೀವು ಜಾಸ್ತಿ ಹಿಂದೆ ಹೋಗಿದ್ದೀರಿ. ಅವನು ಎಷ್ಟು ಮುಂದೆ ಬಂದನೋ ಅಷ್ಟೇ ಹಿಂದೆ ಹೋಗಬೇಕು, ಒಂದು ಗೇಣೂ ಜಾಸ್ತಿ ಬೇಡ.

ಹೊಡೆತ ಹೊರಡುವ ಮೊದಲೇ ತಡೆ ಎತ್ತಿ ಕಾಯುವುದು. ರೈಲು ಬರದೆ ಗೇಟು ಹಾಕಿದ ಹಾಗೆ. ಹೊಡೆಯುವವ ಇದನ್ನು ಕಂಡರೆ ಹೊಡೆಯದೆ ನಿಂತುಬಿಡಲಿ, ಜೋಡಿಯವ ನಕ್ಕು ಸರಿ ಮಾಡಿಕೊಳ್ಳುತ್ತಾನೆ.

ಮುಂಗೈಗೆ ಮುಂಗೈ ಕುಟ್ಟುವುದು. ಕೆಲವರಿಗೆ ನೀಲಿ ಕಲೆ ಬಿದ್ದರೆ ಹೆಮ್ಮೆ. ಆಗೆ-ಉಕೆಯಲ್ಲಿ ಮುಂಗೈ ಕೊನೆಯ ಗಳಿಗೆಯಲ್ಲಿ ತಿರುಗುತ್ತದೆ, ಹೊಡೆತ ಮೇಲಕ್ಕೆ ಜಾರಿ ಹೋಗುತ್ತದೆ. ಹಾಗೆ ಜಾರಿದರೆ ಕೇಳುವುದು ಬಟ್ಟೆ ಉಜ್ಜಿದ ಸದ್ದು. ಕಟ್ಟಿಗೆ ಒಡೆದ ಸದ್ದು ಬಂದರೆ ತಡೆ ತಡವಾಯಿತು ಅಂತ ಅರ್ಥ.

ಹಂತ 4: ಮೂರು ಹೆಜ್ಜೆ

ಸನ್‌ಬೊನ್ ಕುಮಿತೆ. ಹೆಜ್ಜೆ ಮೂರು, ಉಳಿದದ್ದು ಮೇಲಿನ ಹಾಗೇ. ಮೂರು ಹೊಡೆತವೂ ಬೇರೆ ಬೇರೆ ಇಟ್ಟುಕೊಳ್ಳಬಹುದು, ಜೊದಾನ್, ಚೂದಾನ್, ಮಾಯೆ-ಗೆರಿ ಅಂದರೆ ಮುಂದಕ್ಕೆ ಒದೆಯುವುದು. ಇದರಲ್ಲಿ ತುಂಬಾ ದಿನ ಕಳೆಯುವ ಅಗತ್ಯ ನನಗೆ ಕಾಣುವುದಿಲ್ಲ. ಗ್ರೇಡಿಂಗಿಗೆ, ಅಂದರೆ ಬೆಲ್ಟ್ ಪರೀಕ್ಷೆಗೆ, ಬೇಕಾದಷ್ಟು ಮಾಡಿ, ಮುಂದೆ ಹೋಗಿ.

ಹಂತ 5: ಒಂದೇ ಹೆಜ್ಜೆ, ಇಪ್ಪೊನ್ ಕುಮಿತೆ

ನಿಜವಾದ ರುಚಿ ಇಲ್ಲಿದೆ. ಒಂದು ಹೊಡೆತ, ಒಂದು ತಡೆ, ಒಂದು ಉತ್ತರ. ಐದು ಹೆಜ್ಜೆಯಲ್ಲಿ ಲಯ ಹಿಡಿದು ಹೋಗಬಹುದಿತ್ತು, ಇಲ್ಲಿ ಲಯವೇ ಇಲ್ಲ.

ಹೆಚ್ಚಿನ ಕ್ಲಾಸಿನಲ್ಲಿ ಸರ್ "ಇಚಿ, ನಿ, ಸನ್" ಅಂತ ಎಣಿಸುತ್ತಾರೆ, ಎಣಿಕೆಗೆ ಹೊಡೆತ. ನಾನೂ ಹಾಗೇ ಮಾಡಿಸುತ್ತಿದ್ದೆ. ಒಂದು ಜುಲೈಯಲ್ಲಿ ಶಿರಸಿಯ ತಗಡಿನ ಮಾಡಿನ ಕೆಳಗೆ ಕ್ಲಾಸು ನಡೆಯುತ್ತಿತ್ತು, ಮಳೆ ಹೇಗೆ ಹೊಯ್ಯುತ್ತಿತ್ತೆಂದರೆ ನನ್ನ ಎಣಿಕೆ ಮೊದಲ ಸಾಲಿಗೂ ಕೇಳುತ್ತಿರಲಿಲ್ಲ. ಗಂಟಲು ಸೋತು, ನಿಮ್ಮಷ್ಟಕ್ಕೆ ಮಾಡಿ ಅಂತ ಕೈಸನ್ನೆ ಮಾಡಿ ಗೋಡೆಗೆ ಒರಗಿದೆ. ಆಗ ನೋಡಿದೆ, ಅದುವರೆಗೆ ನನ್ನ ಬಾಯಿಯ ಕಡೆ ಕಿವಿ ಇಟ್ಟಿದ್ದ ಮಕ್ಕಳು ಮೊದಲ ಬಾರಿಗೆ ಎದುರಿನವನನ್ನು ನೋಡತೊಡಗಿದ್ದರು. ಒಬ್ಬ ಹುಡುಗ ಹೊಡೆಯುವ ಮೊದಲು ಪ್ರತಿ ಸಲ ಹಿಂದಿನ ಹಿಮ್ಮಡಿ ಒಂದು ಬೆರಳಿನಷ್ಟು ಎತ್ತುತ್ತಿದ್ದ, ನಾಲ್ಕನೆಯ ಸಲಕ್ಕೆ ಅವನ ಜೋಡಿ ಅದನ್ನು ಹಿಡಿದುಬಿಟ್ಟಿತ್ತು. ಅಂದಿನಿಂದ ಇಪ್ಪೊನ್‌ಗೆ ಎಣಿಕೆ ಬಿಟ್ಟೆ. ಹೊಡೆಯುವವ ಜಾಗ ಹೇಳಿದ ಮೇಲೆ ತನಗೆ ಬೇಕಾದಾಗ ಹೊರಡಲಿ, ಕೂಡಲೇ ಹೊರಡಬಹುದು, ಐದು ಉಸಿರು ಕಾಯಬಹುದು.

ತಡೆಯುವವ ನೋಡಬೇಕಾದದ್ದು ಮುಷ್ಟಿಯನ್ನಲ್ಲ. ಮುಷ್ಟಿ ಹೊರಟದ್ದು ಕಂಡ ಮೇಲೆ ಕೈ ಎತ್ತಿದರೆ ತಡವಾಯಿತು. ಎರಡು ಭುಜ ಮತ್ತು ಮುಖ ಒಟ್ಟಿಗೆ ಕಾಣುವ ಹಾಗೆ ನೋಟ ಸಡಿಲ ಬಿಡಿ. ಭುಜ ಏಳುವುದು, ಉಸಿರು ಎಳೆದುಕೊಳ್ಳುವುದು, ಮುಂದಿನ ಮೊಣಕಾಲು ಭಾರ ಹೊರುವುದು, ಹೊರಡುವವರು ಎಲ್ಲರೂ ಏನಾದರೊಂದು ಹೇಳಿಯೇ ಹೊರಡುತ್ತಾರೆ. ಹೊಡೆಯುವವನ ಅಭ್ಯಾಸ ಇದರ ಉಲ್ಟಾ, ಏನೂ ಹೇಳದೆ ಹೊರಡುವುದು. ನೋಡಿ, ಒಂದೇ ಅಭ್ಯಾಸದಲ್ಲಿ ಇಬ್ಬರಿಗೂ ಪಾಠ ಇದೆ, 'ನನ್ನ ಸರದಿ ಯಾವಾಗ' ಅಂತ ಸುಮ್ನೆ ಕೈ ಚಾಚುವವ ಅರ್ಧ ಕ್ಲಾಸು ಕಳೆದುಕೊಳ್ಳುತ್ತಾನೆ.

ಉತ್ತರ ಹೊಡೆದ ಮೇಲೆ ಕೂಡಲೇ ಸಡಿಲ ಬೀಳಬೇಡಿ, ಬೆಲ್ಟ್ ಸರಿ ಮಾಡಿಕೊಳ್ಳಬೇಡಿ. ಎದುರಿನವನ ಮೇಲೆ ಗಮನ ಇಟ್ಟುಕೊಂಡೇ ವಾಪಸ್ ಬನ್ನಿ. ಇದಕ್ಕೆ ಜಾನ್‌ಶಿನ್ ಅಂತಾರೆ, ಉಳಿದ ಎಚ್ಚರ ಅನ್ನಬಹುದು. ಗ್ರೇಡಿಂಗಿನಲ್ಲಿ ಹುಡುಗರು ಕಳೆದುಕೊಳ್ಳುವುದು ಜಾಸ್ತಿ ಇಲ್ಲಿಯೇ.

ಹಂತ 6: ಜಿಯು ಇಪ್ಪೊನ್

ಜಿಯು ಅಂದರೆ ಸ್ವತಂತ್ರ. ಇಬ್ಬರೂ ಕಮಾಯೆಯಲ್ಲಿ, ಅಂದರೆ ಕೈ ಎತ್ತಿದ ಫೈಟ್ ನಿಲುವಿನಲ್ಲಿ, ಓಡಾಡುತ್ತ ಇರುತ್ತಾರೆ. ಹೊಡೆತ ಯಾವುದೆಂದು ಈಗಲೂ ಹೇಳಬೇಕು, ಯಾವಾಗ, ಎಲ್ಲಿಂದ ಅನ್ನುವುದು ಹೊಡೆಯುವವನ ಇಷ್ಟ. ಹೊಡೆದ ಕೂಡಲೇ ಅವನು ಕಮಾಯೆಗೆ ವಾಪಸ್. ತಡೆಯುವವ ನೇರ ಹಿಂದೆ ಹೋಗುವ ಬದಲು ಪಕ್ಕಕ್ಕೆ ಸರಿದು ತಡೆಯಬಹುದು, ಇದು ತಾಯ್ ಸಬಾಕಿ, ಮೈ ತಪ್ಪಿಸುವುದು. ಹೊಡೆತ ಮುಗಿದ ಮೇಲೆ ಉತ್ತರ ಕೊಡುವುದು ಗೊ ನೊ ಸೆನ್, ಅವನು ಹೊರಡುತ್ತಿರುವಾಗಲೇ ಹೊಡೆಯುವುದು ಸೆನ್ ನೊ ಸೆನ್. ಮೊದಲನೆಯದು ಗಟ್ಟಿಯಾಗದೆ ಎರಡನೆಯದಕ್ಕೆ ಕೈ ಹಾಕಬೇಡಿ, ಇಬ್ಬರೂ ಮುಂದೆ ಬಂದು ತಲೆಗೆ ತಲೆ ಡಿಕ್ಕಿ.

ಕಪ್ಪು ಬೆಲ್ಟಿಗೆ ಮೊದಲಿನ ಕಂದು ಬೆಲ್ಟಿನ ಹೊತ್ತಿಗೆ ಇದು ಬಂದರೆ ಸಾಕು, ಅವಸರ ಬೇಡ. ಹದಿಮೂರು ಹದಿನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ನಾನು ಇಲ್ಲಿ ಚೂದಾನ್ ಮಾತ್ರ ಕೊಡುತ್ತೇನೆ, ಮುಖಕ್ಕೆ ಬೇಡವೇ ಬೇಡ. ದೊಡ್ಡವರಾದರೂ ಪೂರ್ತಿ ವೇಗಕ್ಕೆ ಹೋಗುವ ಮೊದಲು ಹತ್ತು ಸಲ ನಿಧಾನಕ್ಕೆ ಮಾಡಿ ನೋಡಿ.

ಜೋಡಿ ಸಿಗದಿದ್ದರೆ

ಹಳ್ಳಿಯಿಂದ ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುವವರು ಇದನ್ನು ಕೇಳುತ್ತಾರೆ. ಮನೆಯಲ್ಲಿ ಅಣ್ಣನೋ ತಂಗಿಯೋ ಇದ್ದರೆ ಅವರಿಗೆ ಕರಾಟೆ ಬರಬೇಕಂತಿಲ್ಲ. ಕೈಗೆ ದಿಂಬು ಹಿಡಿಸಿ, ಮುಖದ ಕಡೆ ಅದನ್ನು ಮೆಲ್ಲಗೆ, ಹೇಳದೇ ಕೇಳದೇ ತರಲು ಹೇಳಿ. ನೀವು ಹಿಂದೆ ಸರಿದು ತಡೆಯಿರಿ. ಕಣ್ಣು ಮುಚ್ಚಿಕೊಂಡರೆ ಅವರೇ ಹೇಳುತ್ತಾರೆ, ತಂಗಿಯಂದಿರು ಇಂಥದ್ದನ್ನು ಬಿಡುವುದಿಲ್ಲ.

ಗೊಜು-ರ್ಯು ಶೈಲಿಯವರಲ್ಲಿ ಕಾಕಿಯೆ ಅಂತ ಒಂದಿದೆ, ಮುಂಗೈಗೆ ಮುಂಗೈ ತಾಗಿಸಿ ನಿಂತು ಒಬ್ಬರನ್ನೊಬ್ಬರು ನಿಧಾನಕ್ಕೆ ತಳ್ಳುವುದು, ಬರಮಾಡಿಕೊಳ್ಳುವುದು. ಜಾಗ ಒಂದು ಚಾಪೆಯಷ್ಟು ಸಾಕು. ಶೊಟೊಕಾನ್ ಕಲಿಯುವವರೂ ಮಾಡಬಹುದು, ಯಾರೂ ಬೈಯುವುದಿಲ್ಲ. ನಮ್ಮ ಅಭ್ಯಾಸದಲ್ಲಿ ದೂರದಿಂದ ಬರುವ ಹೊಡೆತವೇ ಜಾಸ್ತಿ, ಹತ್ತಿರ ಬಂದು ಮೈಗೆ ಮೈ ತಾಗಿದಾಗ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ಆ ಕೊರತೆಗೆ ಇದು ಒಳ್ಳೆಯದು.

ವಾರದ ಲೆಕ್ಕ

ವಾರಕ್ಕೆ ಮೂರು ಕ್ಲಾಸಿದ್ದರೆ ಪ್ರತಿ ಕ್ಲಾಸಿನಲ್ಲಿ 20 ನಿಮಿಷ ಜೋಡಿ ಅಭ್ಯಾಸಕ್ಕೆ ಇಡಿ. ಮೊದಲ 5 ನಿಮಿಷ ದೂರ ಅಳೆದು ನಿಧಾನಕ್ಕೆ, ಮುಂದಿನ 10 ನಿಮಿಷ ನಿಮ್ಮ ಬೆಲ್ಟಿಗೆ ತಕ್ಕ ಹಂತ, ಕೊನೆಯ 5 ನಿಮಿಷ ಜೋಡಿ ಬದಲಿಸಿ ಅದೇ. ಜೋಡಿ ಬದಲಿಸುವುದನ್ನು ಮಾತ್ರ ತಪ್ಪಿಸಬೇಡಿ. ಒಬ್ಬನ ಜೊತೆಯೇ ವರ್ಷಗಟ್ಟಲೆ ಮಾಡಿದರೆ ಅವನ ಹಿಮ್ಮಡಿ ಮಾತ್ರ ಓದಲು ಬರುತ್ತದೆ.

ಪ್ರತಿ ಸುತ್ತಿನ ಕೊನೆಗೆ ತಡೆದವ ಹೊಡೆದವನಿಗೆ ಒಂದೇ ಮಾತು ಹೇಳಲಿ: ತಾಗುತ್ತಿತ್ತು, ಅಥವಾ ತಾಗುತ್ತಿರಲಿಲ್ಲ. ತಾಗುತ್ತಿರಲಿಲ್ಲ ಅಂದರೆ ಆ ಸುತ್ತು ಮತ್ತೊಮ್ಮೆ.

ಮಳೆಗಾಲದವರಿಗೆ ಕೊನೆಯದಾಗಿ, ಒದ್ದೆ ಕರಾಟೆ ಡ್ರೆಸ್ ಚೀಲದಲ್ಲೇ ಬಿಡಬೇಡಿ, ಮರುದಿನ ಜೋಡಿಯವ ಮಾ-ಐ ತಾನಾಗಿಯೇ ಜಾಸ್ತಿ ಇಟ್ಟುಕೊಳ್ಳುತ್ತಾನೆ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹರವಿ. ಹೊಗೆ ವಾಸನೆ ಬರುತ್ತದೆ, ಬರಲಿ, ಶಿರಸಿ ಕಡೆಯ ಎಲ್ಲರ ಡ್ರೆಸ್ಸೂ ಹಾಗೇ ಇರುತ್ತದೆ.